ಮರಳಿ ಬಂದದ್ದು ಅದೇ ಚಿತ್ರವೇ?

ಅಕಿರ ಕುರೊಸಾವ ನಿರ್ದೇಶಿಸಿದ ‘ಸೆವೆನ್ ಸಮುರಾಯ್’ ತೆರೆಕಂಡದ್ದು 1954ರಲ್ಲಿ. ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಅದನ್ನು 1998ರಲ್ಲಿ ಡಿವಿಡಿಯಾಗಿ ಹೊರತಂದಿತು. 2006ರಲ್ಲಿ ಅದಕ್ಕಿಂತ ಚೊಕ್ಕಟವಾದ ಮೂರು ಡಿಸ್ಕುಗಳ ಆವೃತ್ತಿ ಬಂತು. 2010ರಲ್ಲಿ ಬ್ಲೂ-ರೇ ಬಂತು, 2024ರಲ್ಲಿ 4ಕೆ. ನಾಲ್ಕನ್ನೂ ಕೊಂಡು ಕಪಾಟಿನಲ್ಲಿ ಒಟ್ಟಿಗೆ ಇಟ್ಟುಕೊಂಡವರು ಹಲವು ದೇಶಗಳಲ್ಲಿದ್ದಾರೆ. ಇದ್ದ ಸಿನಿಮಾವನ್ನೇ ಎಷ್ಟು ಸಲ ಕೊಳ್ಳುತ್ತೀರಿ ಎಂದು ಮನೆಯವರು ಕೇಳುತ್ತಾರೆ. ಇದು ಅದೇ ಅಲ್ಲ, ಕೊನೆಯ ಕಾಳಗದ ಮಳೆ ಇದರಲ್ಲಿ ಎಳೆ ಎಳೆಯಾಗಿ ಕಾಣುತ್ತದೆ ಎಂದು ಸಂಗ್ರಾಹಕರು ಉತ್ತರಿಸುತ್ತಾರೆ.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಅದೇ ಚಿತ್ರವಲ್ಲದಿದ್ದರೆ ಮತ್ತೆ ಕೊಳ್ಳುವ ಆಸೆಯೇ ಹುಟ್ಟುತ್ತಿರಲಿಲ್ಲ. ಪೂರ್ತಿ ಅದೇ ಆಗಿದ್ದರೆ ಕೊಳ್ಳುವ ಅಗತ್ಯವೇ ಇರುತ್ತಿರಲಿಲ್ಲ. ಮೈಯೆಲ್ಲ ಬದಲಾದ ಮೇಲೂ ಒಂದು ವಸ್ತು ಅದೇ ವಸ್ತುವಾಗಿ ಉಳಿಯುವುದು ಹೇಗೆ? ಸಾವಿರಾರು ವರ್ಷಗಳಿಂದ ತತ್ತ್ವಜ್ಞಾನಿಗಳನ್ನು ಕಾಡಿದ ಈ ಪ್ರಶ್ನೆಯನ್ನು ಇಂದು ಹಳೆಯ ಸಿನಿಮಾ ಪ್ರೀತಿಸುವ ಪ್ರತಿಯೊಬ್ಬರೂ ತಮ್ಮ ಟೀವಿಯ ಮುಂದೆ ಕುಳಿತು ಎದುರಿಸುತ್ತಿದ್ದಾರೆ.

ಗ್ರೀಕ್ ಲೇಖಕ ಪ್ಲುಟಾರ್ಕ್ ಥೀಸಿಯಸ್ ಎಂಬ ವೀರನ ಹಡಗಿನ ಕಥೆ ಹೇಳುತ್ತಾನೆ. ಅಥೆನ್ಸಿನ ಜನ ಅದನ್ನು ಕಾಪಾಡಿಕೊಂಡು ಬಂದರು. ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆ ಹಾಕುತ್ತ ಹೋದರು. ಇದು ಅದೇ ಹಡಗೋ ಅಲ್ಲವೋ ಎಂದು ವಿದ್ವಾಂಸರು ಎರಡು ಪಂಗಡವಾದರು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಈ ಕಥೆಗೆ ಇನ್ನೊಂದು ತೊಡಕು ಸೇರಿಸಿದ: ಬಿಸಾಕಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಆಯ್ದುಕೊಂಡು ಹೋಗಿ, ಮೊದಲಿನ ಕ್ರಮದಲ್ಲೇ ಜೋಡಿಸಿ ಇನ್ನೊಂದು ಹಡಗು ನಿಲ್ಲಿಸಿದರೆ, ಎರಡರಲ್ಲಿ ಥೀಸಿಯಸ್‌ನದು ಯಾವುದು? ಸಿನಿಮಾ ಲೋಕದಲ್ಲಿ ಈ ಹಲಗೆ ಆಯುವ ಕೆಲಸ ನಿಜವಾಗಿಯೂ ನಡೆದಿದೆ.

ಬೌದ್ಧರ ‘ಮಿಲಿಂದಪಞ್ಹ’ದಲ್ಲಿ ಇದೇ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿದೆ. ರಾತ್ರಿಯಿಡೀ ಉರಿಯುವ ದೀಪವನ್ನು ತೋರಿಸಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಪ್ರಶ್ನಿಸುತ್ತಾನೆ. ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಅಲ್ಲ, ಹಾಗೆಂದು ಮೊದಲ ಜಾವಕ್ಕೊಂದು ಕೊನೆಯ ಜಾವಕ್ಕೊಂದು ದೀಪವಿತ್ತೆಂದೂ ಅಲ್ಲ. ಒಂದನ್ನು ಆಧರಿಸಿ ಮತ್ತೊಂದು ಹುಟ್ಟುತ್ತದೆ, ನಡುವೆ ಕಡಿತವಿಲ್ಲ. ಬೌದ್ಧರು ಇದನ್ನು ಸಂತಾನ ಎಂದರು. ಸಿನಿಮಾದ ವಿಷಯದಲ್ಲಿ ಈ ಉತ್ತರ ಗ್ರೀಕರ ಹಡಗಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಯಾಕೆಂದರೆ ಸಿನಿಮಾ ಹುಟ್ಟಿದಾಗಿನಿಂದಲೂ ಪ್ರತಿಯಿಂದ ಪ್ರತಿಗೆ ಹರಿದು ಬಂದಿರುವ ವಸ್ತು: ನೆಗೆಟಿವ್‌ನಿಂದ ಪ್ರಿಂಟು, ಪ್ರಿಂಟಿನಿಂದ ಕ್ಯಾಸೆಟ್ಟು, ಕ್ಯಾಸೆಟ್ಟಿನಿಂದ ಡಿಸ್ಕು.

ಫೋಟೊ ನೆಗೆಟಿವ್‌ನಿಂದ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದಾದ್ದರಿಂದ ‘ಅಸಲಿ ಪ್ರತಿ ಯಾವುದು’ ಎಂದು ಕೇಳುವುದರಲ್ಲಿ ಅರ್ಥವಿಲ್ಲ ಎಂದು ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲಿ ಬರೆದ. ಪ್ರತಿಗಳ ಮಟ್ಟಿಗೆ ಆ ಮಾತು ಸರಿ. ಆದರೆ ನೆಗೆಟಿವ್ ಒಂದೇ. ಅದು ಸುಟ್ಟ ದಿನ ಆ ಮಾತು ಸಾಲದಾಗುತ್ತದೆ.

1993ರಲ್ಲಿ ಆಗಿದ್ದು ಅದೇ. ಲಂಡನ್ನಿನ ಹೆಂಡರ್ಸನ್ಸ್ ಫಿಲ್ಮ್ ಲ್ಯಾಬ್‌ಗೆ ಬೆಂಕಿ ಬಿತ್ತು. ಸತ್ಯಜಿತ್ ರಾಯ್ ಅವರ ಹಲವು ಚಿತ್ರಗಳ ಮೂಲ ನೆಗೆಟಿವ್‌ಗಳು ಅಲ್ಲಿದ್ದವು. ‘ಪಥೇರ್ ಪಾಂಚಾಲಿ’, ‘ಅಪರಾಜಿತೊ’, ‘ಅಪುರ್ ಸಂಸಾರ್’ ಎಂಬ ಅಪು ಚಿತ್ರತ್ರಯವೂ ಅವುಗಳಲ್ಲಿ ಸೇರಿತ್ತು. ರಾಯ್ ತೀರಿಕೊಂಡು ಒಂದು ವರ್ಷ ಕಳೆದಿತ್ತಷ್ಟೆ. ಸುಟ್ಟು, ಕರಗಿ, ಒಂದಕ್ಕೊಂದು ಅಂಟಿಕೊಂಡ ಆ ಸುರುಳಿಗಳನ್ನು ಯಾರೋ ವಿವೇಕಿಗಳು ಕಸಕ್ಕೆ ಎಸೆಯಲಿಲ್ಲ. ಬೂದಿ, ಚೂರು ಸಮೇತ ಅವು ಲಾಸ್ ಏಂಜಲೀಸ್‌ನ ಅಕಾಡೆಮಿ ಫಿಲ್ಮ್ ಆರ್ಕೈವ್ ಸೇರಿದವು. ಯಾವ ಯಂತ್ರದಲ್ಲೂ ಓಡಿಸಲಾಗದ ಆ ಡಬ್ಬಿಗಳು ಇಪ್ಪತ್ತು ವರ್ಷ ಅಲ್ಲೇ ಕಾದವು.

ಆಮೇಲೆ ಅವು ಇಟಲಿಯ ಬೊಲೊನ್ಯ ನಗರದ ‘ಲಿಮಾಜಿನೆ ರಿತ್ರೊವಾತ’ ಎಂಬ ಲ್ಯಾಬಿಗೆ ಹೋದವು. ಒಣಗಿ ಸೆಟೆದ ಫಿಲ್ಮಿಗೆ ಮೊದಲು ತೇವ ಕೊಟ್ಟು ಮೆತ್ತಗೆ ಮಾಡಿದರು. ಕರಗಿ ಹರಡಿದ ಟೇಪನ್ನೂ ಅಂಟನ್ನೂ ಕೈಯಿಂದಲೇ ಬಿಡಿಸಿದರು. ಫಿಲ್ಮಿನ ಅಂಚಿನಲ್ಲಿ ಯಂತ್ರದ ಹಲ್ಲು ಕೂರುವ ತೂತುಗಳು ಎಲ್ಲಿ ಸುಟ್ಟಿದ್ದವೋ ಅಲ್ಲೆಲ್ಲ ಹೊಸದಾಗಿ ಕಟ್ಟಿದರು. ಇಂಥ ಕೈಗೆಲಸಕ್ಕೇ ಸುಮಾರು ಸಾವಿರ ಗಂಟೆ ಹಿಡಿಯಿತು. ‘ಪಥೇರ್ ಪಾಂಚಾಲಿ’ಯ ಶೇಕಡ 40ರಷ್ಟು, ‘ಅಪರಾಜಿತೊ’ದ ಶೇಕಡ 60ಕ್ಕೂ ಹೆಚ್ಚು ಭಾಗ ಸುಟ್ಟ ನೆಗೆಟಿವ್‌ನಿಂದಲೇ ಸಿಕ್ಕಿತು. ‘ಅಪುರ್ ಸಂಸಾರ್’ ನೆಗೆಟಿವ್ ಮಾತ್ರ ಕೈ ಹತ್ತಲಿಲ್ಲ. ಅದಕ್ಕೂ, ಮೊದಲೆರಡು ಚಿತ್ರಗಳಲ್ಲಿ ಉಳಿದ ತೆರಪುಗಳಿಗೂ ಬೇರೆ ಬೇರೆ ಸಂಗ್ರಹಾಲಯಗಳಲ್ಲಿದ್ದ ಪ್ರತಿಗಳನ್ನು ಬಳಸಿದರು. 2015ರಲ್ಲಿ ಮೂರೂ ಚಿತ್ರಗಳು ನ್ಯೂಯಾರ್ಕಿನಲ್ಲಿ ತೆರೆಗೆ ಮರಳಿದವು. ಅದೇ ವರ್ಷ ಬ್ಲೂ-ರೇ ಆಗಿ ಮನೆಗಳಿಗೂ ಬಂದವು.

ಇಂದು ‘ಪಥೇರ್ ಪಾಂಚಾಲಿ’ಯ ಆ ಡಿಸ್ಕಿನಲ್ಲಿ ಕಾಣುವ ಅಪುವಿನ ಅಕ್ಕ ದುರ್ಗೆಯ ಮುಖದ ಒಂದು ನೋಟ ಲಂಡನ್ನಿನ ಬೂದಿಯಿಂದ ಬಂದದ್ದು, ಮುಂದಿನ ನೋಟ ಯಾವುದೋ ಸಂಗ್ರಹಾಲಯದ ಪ್ರಿಂಟಿನಿಂದ ಬಂದದ್ದು ಇರಬಹುದು. ನೋಡುವವರಿಗೆ ಬೆಸುಗೆ ಕಾಣುವುದಿಲ್ಲ. ಇದು ಪಥೇರ್ ಪಾಂಚಾಲಿಯೇ? ಹೌದು ಎಂದು ಎಲ್ಲರೂ ಒಪ್ಪುತ್ತಾರೆ. ಯಾವ ಆಧಾರದ ಮೇಲೆ ಎಂಬುದು ಪ್ರಶ್ನೆ.

ಇದಕ್ಕೊಂದು ಉತ್ತರ ನಮ್ಮ ಗುಡಿಗಳಲ್ಲಿ ಸಿಗುತ್ತದೆ. ದಕ್ಷಿಣದ ಆಗಮ ಪದ್ಧತಿಯಲ್ಲಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಒಂದು ಕ್ರಮವಿದೆ. ಗರ್ಭಗುಡಿಯ ಕಲ್ಲು ಸಡಿಲವಾದಾಗ ನೇರವಾಗಿ ಉಳಿ ಸುತ್ತಿಗೆ ಹಿಡಿದು ಒಳಗೆ ಹೋಗುವಂತಿಲ್ಲ. ಮೊದಲು ಕಲಾಕರ್ಷಣೆ ಆಗಬೇಕು. ಮೂರ್ತಿಯ ಸಾನ್ನಿಧ್ಯವನ್ನು ನೀರು ತುಂಬಿದ ಕಲಶಕ್ಕೆ ಬರಮಾಡಿಕೊಂಡು ಬಾಲಾಲಯ ಎಂಬ ತಾತ್ಕಾಲಿಕ ಗುಡಿಯಲ್ಲಿ ಇಡುತ್ತಾರೆ. ಗುಡಿಯ ಕೆಲಸ ಎಷ್ಟು ಕಾಲ ನಡೆದರೂ ಪೂಜೆ ಬಾಲಾಲಯದಲ್ಲಿ ನಡೆಯುತ್ತಲೇ ಇರುತ್ತದೆ. ಕಲ್ಲುಗಳು ಹೊಸದಾಗಬಹುದು, ಗೋಪುರ ಹೊಸದಾಗಬಹುದು. ಕುಂಭಾಭಿಷೇಕದ ದಿನ ಒಳಗೆ ಮರಳುವ ದೇವರು ಮಾತ್ರ ಅದೇ ದೇವರು, ಏಕೆಂದರೆ ನಡುವೆ ಪೂಜೆ ತಪ್ಪಲಿಲ್ಲ. ನಾಗಸೇನನ ದೀಪಕ್ಕೂ ಈ ವಿಧಿಗೂ ದರ್ಶನದಲ್ಲಿ ಬಹಳ ದೂರವಿದೆ. ಒಂದರಲ್ಲಿ ಆತ್ಮವೇ ಇಲ್ಲ, ಇನ್ನೊಂದರಲ್ಲಿ ದೇವರೇ ಇದ್ದಾನೆ. ಆದರೂ ಕಡಿಯದೆ ನಡೆದುಬಂದದ್ದೇ ಗುರುತು ಎಂಬಲ್ಲಿ ಎರಡೂ ಕೂಡುತ್ತವೆ.

ಮನೆಯ ಕಪಾಟಿನ ಕಳಪೆ ಡಿಸ್ಕನ್ನು ಹೀಗೆ ನೋಡಿದರೆ ಅದರ ಸ್ಥಾನ ತಿಳಿಯುತ್ತದೆ. ವಿಸಿಡಿಯ ಒಂದು ಚೌಕಟ್ಟಿನಲ್ಲಿ ಅಡ್ಡ 352, ಉದ್ದ 288 ಚುಕ್ಕೆಗಳು, ಅಂದರೆ ಸುಮಾರು ಒಂದು ಲಕ್ಷ. 4ಕೆ ಡಿಸ್ಕಿನಲ್ಲಿ ಅದು ಸುಮಾರು 83 ಲಕ್ಷ. ಎಂಬತ್ತು ಪಟ್ಟಿಗೂ ಮೀರಿದ ಈ ಅಂತರದ ಆಚೆ ದಡದಲ್ಲೇ ನಮ್ಮಲ್ಲಿ ಬಹಳ ಜನ ಹಳೆಯ ಕನ್ನಡ ಚಿತ್ರಗಳನ್ನು ನೋಡಿದ್ದು: ಎರಡು ಮೂರು ಡಿಸ್ಕಿಗೆ ಹರಿದು ಹಂಚಿದ ಕಥೆ, ಮೂಲೆಯಲ್ಲಿ ಅಳಿಸಲಾಗದ ಲಾಂಛನ, ಎಡಬಲ ಕತ್ತರಿಸಿ ಹೋದ ಚೌಕಟ್ಟು, ಸುಣ್ಣದಂತೆ ಬಿಳಿಚಿದ ಮುಖಗಳು. ಆದರೂ ಬಾಲಾಲಯದಲ್ಲಿ ನಡೆದದ್ದು ಪೂಜೆಯೇ. ಆ ಡಿಸ್ಕುಗಳಿಲ್ಲದಿದ್ದರೆ ಒಂದು ಪೀಳಿಗೆಗೆ ಆ ಚಿತ್ರಗಳ ಹೆಸರೂ ತಿಳಿಯುತ್ತಿರಲಿಲ್ಲ. ಒಳ್ಳೆಯ ರಿಸ್ಟೊರೇಷನ್ ಬೇಕೆಂದು ಕೇಳುವವರೂ ಇರುತ್ತಿರಲಿಲ್ಲ.

ಹಾಗಾದರೆ ಮರಳಿ ತರುವಾಗ ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು? ಇಟಲಿಯ ಚೆಸಾರೆ ಬ್ರಾಂದಿ 1963ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚಿತ್ರಕಲೆಯ ರಿಪೇರಿಗೆ ಒಂದು ನೀತಿಯನ್ನು ಹೇಳಿದ. ಕೃತಿಯ ಅಖಂಡತೆಯನ್ನು ಮರಳಿ ತರಬೇಕು, ಆದರೆ ಸುಳ್ಳು ಹೇಳಬಾರದು. ಗೋಡೆಚಿತ್ರದಲ್ಲಿ ಬಣ್ಣ ಉದುರಿ ಹೋದ ಜಾಗವನ್ನು ಅವನ ಶಿಷ್ಯರು ಕೂದಲೆಳೆಯಂಥ ಉದ್ದುದ್ದ ಗೆರೆಗಳಿಂದ ತುಂಬುತ್ತಿದ್ದರು. ದೂರ ನಿಂತರೆ ಚಿತ್ರ ಇಡಿಯಾಗಿ ಕಾಣುತ್ತದೆ, ಹತ್ತಿರ ಹೋದರೆ ಇದು ರಿಪೇರಿಯವನ ಕೈ ಎಂದು ಗೊತ್ತಾಗುತ್ತದೆ.

ಫ್ರಿಟ್ಸ್ ಲಾಂಗ್‌ನ ‘ಮೆಟ್ರೊಪೊಲಿಸ್’ ಚಿತ್ರ ಈ ನೀತಿಗೆ ಸಿನಿಮಾ ಕೊಟ್ಟ ಒಳ್ಳೆಯ ಉದಾಹರಣೆ. 1927ರ ಆ ಮೂಕಚಿತ್ರವನ್ನು ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಕತ್ತರಿಸಿಬಿಟ್ಟಿದ್ದರು. ಕತ್ತರಿಸಿದ ಭಾಗ ಹೋದದ್ದೇ ಎಂದು ಎಲ್ಲರೂ ಕೈಬಿಟ್ಟಿದ್ದರು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ 16 ಎಂಎಂ ನಕಲೊಂದು ಸಿಕ್ಕಿತು. ಮೈತುಂಬ ಗೀರು, ಚೌಕಟ್ಟೂ ಚಿಕ್ಕದು. 2010ರ ಆವೃತ್ತಿಯಲ್ಲಿ ಆ ಸುಮಾರು 25 ನಿಮಿಷಗಳನ್ನು ಸೇರಿಸಿದಾಗ ಗೀರುಗಳನ್ನು ಆದಷ್ಟು ತಗ್ಗಿಸಿದರೇ ಹೊರತು ಮುಚ್ಚಿಡಲಿಲ್ಲ. ಥಳಥಳಿಸುವ ಚಿತ್ರದ ನಡುವೆ ಮಳೆ ಸುರಿದಂತೆ ಗೀರುಗಳು ಬಂದಾಗ, ಇದು ಕಳೆದುಹೋಗಿ ಸಿಕ್ಕಿದ್ದು ಎಂದು ನೋಡುಗರಿಗೆ ತಾನಾಗಿ ತಿಳಿಯುತ್ತದೆ. ಆ ಗಾಯಗಳು ಚಿತ್ರದ ಗೌರವವನ್ನು ಹೆಚ್ಚಿಸಿವೆ.

ಈ ಪ್ರಾಮಾಣಿಕತೆಯನ್ನು ಎಲ್ಲರೂ ಪಾಲಿಸಿಲ್ಲ. ಚಿತ್ರದ ಕಣಕಣವಾದ ಮೇಲ್ಮೈಯನ್ನು, ಅಂದರೆ ಗ್ರೇನನ್ನು, ಕೊಳೆಯೆಂದು ತಿಳಿದು ಉಜ್ಜಿ ತೆಗೆದವರಿದ್ದಾರೆ. ‘ಪ್ರಿಡೇಟರ್’ ಚಿತ್ರದ 2010ರ ಬ್ಲೂ-ರೇಯಲ್ಲಿ ಕಾಡಿನಲ್ಲಿ ಬೆವರುವ ಸೈನಿಕರು ಮೇಣದ ಬೊಂಬೆಗಳಾದರು. 2024ರಲ್ಲಿ ಜೇಮ್ಸ್ ಕ್ಯಾಮೆರಾನ್ ಅವರ ‘ಏಲಿಯನ್ಸ್’, ‘ಟ್ರೂ ಲೈಸ್’ 4ಕೆ ಡಿಸ್ಕುಗಳಿಗೆ ಕೃತಕ ಬುದ್ಧಿಮತ್ತೆಯ ನೆರವು ಪಡೆದಾಗಲೂ ಅದೇ ದೂರು ಎದ್ದಿತು. ಗ್ರೇನ್ ಕೊಳೆಯಲ್ಲ. ಬೆಳ್ಳಿಯ ಲವಣದಿಂದ ಹುಟ್ಟಿದ ಆ ಕಣಗಳಿಂದಲೇ ಚಿತ್ರ ಆಗಿದೆ. ಅದನ್ನು ತೆಗೆದು ಗಣಕ ಊಹಿಸಿದ ಚರ್ಮವನ್ನು ಹಚ್ಚಿದರೆ ಕ್ಯಾಮೆರಾದ ಮುಂದೆ ಎಂದೂ ಇರದಿದ್ದ ಚರ್ಮವೊಂದು ತೆರೆಯ ಮೇಲೆ ಬರುತ್ತದೆ. ಅದು ಸುಳ್ಳು ಸಾಕ್ಷಿ.

ನಿರ್ದೇಶಕನೇ ಬದಲಾಯಿಸಿದರೆ? ಇಲ್ಲಿ ಪ್ರಶ್ನೆ ಕಠಿಣವಾಗುತ್ತದೆ. ವಾಂಗ್ ಕಾರ್-ವಾಯ್ ತಮ್ಮ ಹಳೆಯ ಚಿತ್ರಗಳ 4ಕೆ ಆವೃತ್ತಿ ಮಾಡಿಸುವಾಗ ‘ಇನ್ ದ ಮೂಡ್ ಫಾರ್ ಲವ್’ ಚಿತ್ರದ ಬಣ್ಣ ಹಸಿರಿನತ್ತ ವಾಲಿತು, ‘ಫಾಲನ್ ಏಂಜಲ್ಸ್’ ಚಿತ್ರದ ಚೌಕಟ್ಟಿನ ಆಕಾರವೇ ಬೇರೆಯಾಯಿತು. ಒಂದೇ ನದಿಗೆ ಯಾರೂ ಎರಡು ಸಲ ಇಳಿಯಲಾರರು ಎಂಬ ಹಳೆಯ ಮಾತನ್ನು ನೆನಪಿಸಿ ಅವರು ಇದನ್ನು ಸಮರ್ಥಿಸಿಕೊಂಡರು. ನದಿಯೂ ಬದಲು, ಮನುಷ್ಯನೂ ಬದಲು. ಹಾಗಾಗಿ ಇದನ್ನು ಹೊಸ ಕೃತಿಯಂತೆ ಕಾಣಿ ಎಂಬುದು ಅವರ ವಾದದ ತಿರುಳು. ಹೊಸದು ಎಂದು ಬಾಯಿಬಿಟ್ಟು ಹೇಳಿದ್ದರಲ್ಲಿ ಪ್ರಾಮಾಣಿಕತೆಯಿದೆ. ಆದರೆ ಹಿಂದಿನ ನದಿಯ ದಾರಿ ಮುಚ್ಚಿದರೆ ಆ ನೀರು ಕುಡಿದು ಬೆಳೆದವರು ಎಲ್ಲಿ ಹೋಗಬೇಕು?

ಜಾರ್ಜ್ ಲೂಕಸ್ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ನಿಂತು, ಹಳೆಯ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಹಚ್ಚುವವರನ್ನು ಕಟುವಾಗಿ ಖಂಡಿಸಿದರು. ಕಲಾಕೃತಿಗಳು ಸಮಾಜದ ಸ್ವತ್ತು ಎಂದು ವಾದಿಸಿದರು. ಅದೇ ಲೂಕಸ್ 1997ರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರಗಳಿಗೆ ಹೊಸ ದೃಶ್ಯ, ಹೊಸ ತಂತ್ರಗಳನ್ನು ಸೇರಿಸಿದರು. ಮುಂದೆ ಬಂದ ಬ್ಲೂ-ರೇಗಳಲ್ಲಿ ಮೂಲ ರೂಪಕ್ಕೆ ಜಾಗವಿರಲಿಲ್ಲ. ಆಗ ಅಭಿಮಾನಿಗಳೇ 1977ರಲ್ಲಿ ಥಿಯೇಟರುಗಳಲ್ಲಿ ಓಡಿದ್ದ 35 ಎಂಎಂ ಪ್ರಿಂಟುಗಳನ್ನು ಹುಡುಕಿ, ಸ್ಕ್ಯಾನ್ ಮಾಡಿ, ಮೊದಲಿನ ಚಿತ್ರವನ್ನು ಮರಳಿ ಕಟ್ಟಿದರು. ಹಾಬ್ಸ್ ಊಹಿಸಿದ್ದ ಎರಡನೆಯ ಹಡಗು ಹೀಗೆ ನಿಜವಾಗಿಯೂ ನೀರಿಗಿಳಿಯಿತು.

ಕನ್ನಡಕ್ಕೂ ಈ ಪ್ರಶ್ನೆ ಬಂದಿದೆ. ಹುಣಸೂರು ಕೃಷ್ಣಮೂರ್ತಿ ನಿರ್ದೇಶನದ 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣದಲ್ಲಿ ಬಂತು. 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಥಿಯೇಟರಿಗೆ ಮರಳಿತು. ರಾಜ್‌ಕುಮಾರ್ ಅವರನ್ನು ದೊಡ್ಡ ತೆರೆಯ ಮೇಲೆ ಎಂದೂ ನೋಡಿರದ ಮಕ್ಕಳಿಗೆ ಅದರಿಂದ ಆ ಭಾಗ್ಯ ಸಿಕ್ಕಿತು. ಅದನ್ನು ಹಗುರವಾಗಿ ಕಾಣಬಾರದು. ಆದರೆ ಛಾಯಾಗ್ರಾಹಕ ಬೆಳಕು ಹಾಕಿದ್ದು ಕಪ್ಪು, ಬಿಳುಪು, ನಡುವಿನ ಬೂದು ಛಾಯೆಗಳನ್ನು ಲೆಕ್ಕ ಹಾಕಿ. ‘ಸತ್ಯ ಹರಿಶ್ಚಂದ್ರ’ದ ಮಸಣದ ದೃಶ್ಯದ ಕತ್ತಲು ಒಂದು ತೀರ್ಮಾನ, ಕೊರತೆಯಲ್ಲ. ಬಣ್ಣದ ಪ್ರತಿ ಇರಲಿ. ಅದರ ಪಕ್ಕದಲ್ಲಿ ಕಪ್ಪುಬಿಳುಪಿನ ಒಳ್ಳೆಯ ಪ್ರತಿಯೂ ಇರಲೇಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮರೆಸುವುದು ಜೀರ್ಣೋದ್ಧಾರವಲ್ಲ. ಬೇರೆ ಮೂರ್ತಿಯನ್ನು ಕೂರಿಸಿ ಹಳೆಯ ದೇವರ ಹೆಸರು ಬರೆದಂತೆ.

ಸಂಗ್ರಾಹಕರ ಮೇಲೆ ಇನ್ನೊಂದು ಆಕ್ಷೇಪವಿದೆ, ಅದು ಧರ್ಮದ ಕಡೆಯಿಂದ ಬರುವಂಥದು. ಜೈನರು ಅಪರಿಗ್ರಹವನ್ನು ಮಹಾವ್ರತವೆಂದರು. ಬೌದ್ಧರು ತೃಷ್ಣೆಯೇ ದುಃಖದ ಬೇರು ಎಂದರು. ಒಂದೇ ಚಿತ್ರವನ್ನು ನಾಲ್ಕು ಸಲ ಕೊಂಡು, ಐದನೆಯದು ಇನ್ನೂ ಚೆನ್ನಾಗಿರಲಿ ಎಂದು ಕಾಯುವುದು ತೃಷ್ಣೆಯಲ್ಲವೆ? ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆಯನ್ನು ಬಿಚ್ಚದೆ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸುವವರ ಮಟ್ಟಿಗೆ ಹೌದು, ಅದು ಪರಿಗ್ರಹವೇ. ಆದರೆ ಒಳ್ಳೆಯ ರಿಸ್ಟೊರೇಷನ್ನಿಗಾಗಿ ಕಾಯುವವರು ಬಯಸುವುದು ಇನ್ನಷ್ಟು ವಸ್ತುಗಳನ್ನಲ್ಲ. 1955ರಲ್ಲಿ ಕಲ್ಕತ್ತದ ಥಿಯೇಟರಿನಲ್ಲಿ ‘ಪಥೇರ್ ಪಾಂಚಾಲಿ’ ನೋಡಲು ಕುಳಿತವರಿಗೆ ಕಂಡದ್ದು ತಮಗೂ ಕಾಣಲಿ ಎಂಬುದು ಅವರ ಆಸೆ. ನಿರೀಕ್ಷೆ ಸಾಮಾನ್ಯವಾಗಿ ಮುಂದೆ ಬರುವುದರ ಮೇಲೆ ಇರುತ್ತದೆ. ಇವರದು ಆಗಿಹೋದದ್ದರ ಮೇಲೆ ಇಟ್ಟ ನಿರೀಕ್ಷೆ, ಮತ್ತು ಅದು ಎಷ್ಟೋ ಸಲ ಫಲಿಸಿದೆ.

ಅದಕ್ಕೆ ದೊಡ್ಡ ಸಾಕ್ಷಿ ಕಾರ್ಲ್ ಡ್ರೇಯರ್‌ನ ‘ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’. ಚರ್ಚಿನ ವಿಚಾರಣೆಗೆ ಗುರಿಯಾಗಿ ಬೆಂಕಿಗೆ ಆಹುತಿಯಾದ ಜೋನ್‌ಳನ್ನು 1920ರಲ್ಲಿ ಅದೇ ಚರ್ಚು ಸಂತಳೆಂದು ಘೋಷಿಸಿತು. ಡ್ರೇಯರ್‌ನ ಚಿತ್ರ 1928ರಲ್ಲಿ ಬಂತು. ಅದೇ ವರ್ಷ ಅದರ ಮೂಲ ನೆಗೆಟಿವ್ ಬರ್ಲಿನ್ನಿನಲ್ಲಿ ಸುಟ್ಟುಹೋಯಿತು. ಬಳಸದೆ ಉಳಿದಿದ್ದ ತುಣುಕುಗಳಿಂದ ಡ್ರೇಯರ್ ಎರಡನೆಯ ಸಲ ಚಿತ್ರವನ್ನು ಕಟ್ಟಿದ. ಅದೂ ಬೆಂಕಿಗೆ ಹೋಯಿತು. ತನ್ನ ಮೊದಲ ಆವೃತ್ತಿ ಎಲ್ಲೂ ಉಳಿದಿಲ್ಲವೆಂದೇ ತಿಳಿದು ಆತ 1968ರಲ್ಲಿ ತೀರಿಕೊಂಡ. 1981ರಲ್ಲಿ ನಾರ್ವೆಯ ಆಸ್ಲೊ ಬಳಿಯ ಮಾನಸಿಕ ಆಸ್ಪತ್ರೆಯೊಂದರ ಬೀರುವಿನಲ್ಲಿ ಡಬ್ಬಿಗಳು ಸಿಕ್ಕವು. ಒಳಗಿದ್ದದ್ದು ಡ್ರೇಯರ್‌ನ ಮೊದಲ ಆವೃತ್ತಿಯ ಪ್ರತಿ.

ಆ ಚಿತ್ರದ ಡಿಸ್ಕಿನಲ್ಲಿ ಇನ್ನೊಂದು ಒಳ್ಳೆಯ ನಡೆ ಇದೆ. ಮೂಕಚಿತ್ರವನ್ನು ಸೆಕೆಂಡಿಗೆ ಎಷ್ಟು ಚೌಕಟ್ಟಿನಂತೆ ಓಡಿಸಬೇಕು ಎಂಬುದು ವಿವಾದದ ವಿಷಯ. 2018ರ ಬ್ಲೂ-ರೇ ತೀರ್ಪು ಕೊಡುವ ಗೋಜಿಗೆ ಹೋಗದೆ, 20 ಮತ್ತು 24 ಎರಡೂ ವೇಗಗಳಲ್ಲಿ ಇಡೀ ಚಿತ್ರವನ್ನು ಒಳಗೊಂಡಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡ ಆ ವಿನಯ ಎಲ್ಲ ರಿಸ್ಟೊರೇಷನ್ನುಗಳಿಗೂ ಬೇಕು.

ನಮ್ಮ ದೇಶದಲ್ಲಿ ಈ ಕೆಲಸದ ಮೂಲಪುರುಷ ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಅವರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ಉಳಿದ ರೀಲುಗಳು ಇಂದು ನೋಡಲು ಸಿಗುತ್ತಿರುವುದು ಅವರ ಹುಡುಕಾಟದಿಂದ. ಒಳ್ಳೆಯ ಚಿತ್ರ, ಕೆಟ್ಟ ಚಿತ್ರ ಎಂದು ಆರಿಸುವುದು ಸಂಗ್ರಹಾಲಯದ ಕೆಲಸವಲ್ಲ, ಎಲ್ಲವನ್ನೂ ಉಳಿಸಬೇಕು ಎಂಬುದು ಅವರ ನಿಲುವು. ಮಲೆನಾಡಿನ ಹೆಗ್ಗೋಡಿನಲ್ಲಿರುವ ನೀನಾಸಮ್‌ಗೆ ಜಗತ್ತಿನ ಶ್ರೇಷ್ಠ ಚಿತ್ರಗಳು ಬಂದದ್ದೂ, ಅಡಿಕೆ ಬೆಳೆಯುವ ಹಳ್ಳಿಗರು ‘ರಾಶೊಮಾನ್’ ಬಗ್ಗೆ ಚರ್ಚಿಸಿದ್ದೂ ಆ ಸಂಗ್ರಹದ ಬಲದಿಂದಲೇ.

ಅದೇ ಮಲೆನಾಡಿನ ಬದುಕಿನಿಂದ ಹುಟ್ಟಿದ ಚಿತ್ರ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ 1977ರಲ್ಲಿ ತಯಾರಾದ ಕಪ್ಪುಬಿಳುಪು ಚಿತ್ರ ಅದು, ಎಸ್. ರಾಮಚಂದ್ರ ಅವರ ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ಆ ವರ್ಷದ ಸ್ವರ್ಣಕಮಲ ಅದಕ್ಕೆ ಸಂದಿತು. ಬದುಕಿರುವ ಯಮುನೆ ಎಂಬ ವಿಧವೆಯನ್ನು ಸತ್ತಳೆಂದು ಲೆಕ್ಕಕ್ಕೆ ಹಿಡಿದು, ಹೆತ್ತ ತಂದೆಯೇ ಶ್ರಾದ್ಧ ಮಾಡಿ ಹೊರಹಾಕುವ ಕಥೆ. ಫಿಲ್ಮ್ ಹೆರಿಟೇಜ್ ಫೌಂಡೇಷನ್, ಮಾರ್ಟಿನ್ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್, ಬೊಲೊನ್ಯದ ಚಿನೆತೆಕ ಸೇರಿ ಅದನ್ನು ಮರಳಿ ತಂದವು. ಅಪುವಿನ ಸುಟ್ಟ ಸುರುಳಿಗಳನ್ನು ಬಿಡಿಸಿದ ಅದೇ ಲ್ಯಾಬಿನಲ್ಲಿ ಕೆಲಸ ನಡೆಯಿತು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಯಮುನೆಯ ಮುಖ ಮತ್ತೆ ದೊಡ್ಡ ತೆರೆಗೆ ಬಂತು.

ಆದರೆ ಎಲ್ಲಕ್ಕೂ ಈ ಭಾಗ್ಯವಿಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರತಿ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ನೀರಿನೊಳಗೂ ಉರಿಯುವಂಥದು. 2003ರ ಜನವರಿಯಲ್ಲಿ ಪುಣೆಯಲ್ಲಿ ಬಿದ್ದ ಬೆಂಕಿಯಲ್ಲಿ ಅಂಥ ನೂರಾರು ಚಿತ್ರಗಳು ಹೋದವು. ನೈಟ್ರೇಟ್‌ನ ನಂತರ ಬಂದ ಅಸಿಟೇಟ್ ಫಿಲ್ಮಿಗೆ ಬೇರೆ ರೋಗ: ಸೆಕೆ, ತೇವ ತಾಗಿದರೆ ಡಬ್ಬಿ ತೆರೆದೊಡನೆ ವಿನೆಗರ್‌ನ ಹುಳಿ ವಾಸನೆ ಹೊಡೆಯುತ್ತದೆ, ಫಿಲ್ಮು ಮುದುಡುತ್ತದೆ, ಪಕ್ಕದ ಡಬ್ಬಿಗೂ ಅಂಟುತ್ತದೆ. ಆ ವಾಸನೆ ಬಂದರೆ ಕಾಲ ಹೆಚ್ಚು ಉಳಿದಿಲ್ಲವೆಂದು ಅರ್ಥ.

ಹಳೆಯ ನಿರ್ಮಾಪಕರ, ಹಂಚಿಕೆದಾರರ, ಟೂರಿಂಗ್ ಟಾಕೀಸು ನಡೆಸುತ್ತಿದ್ದವರ ಮನೆಗಳಲ್ಲಿ, ಅಟ್ಟದ ಮೇಲೆ, ಗೋದಾಮಿನ ಮೂಲೆಯಲ್ಲಿ ತುಕ್ಕು ಹಿಡಿದ ಡಬ್ಬಿಗಳು ಇನ್ನೂ ಇರಬಹುದು. ಅವುಗಳನ್ನು ಗುಜರಿಗೆ ಹಾಕಬೇಡಿ, ಬಿಸಿಲಲ್ಲಿ ಇಡಬೇಡಿ, ಬಲವಂತವಾಗಿ ಬಿಚ್ಚಬೇಡಿ. ಪುಣೆಯ ಸಂಗ್ರಹಾಲಯಕ್ಕೋ ಫಿಲ್ಮ್ ಹೆರಿಟೇಜ್ ಫೌಂಡೇಷನ್ನಿಗೋ ಒಂದು ಪತ್ರ ಬರೆಯಿರಿ. ಹೊಸ ಪ್ರತಿ ಹೊರತರುವವರು ಯಾವ ಮೂಲದಿಂದ ತೆಗೆದದ್ದು, ಏನು ಸೇರಿಸಿದ್ದು, ಏನು ಬಿಟ್ಟದ್ದು ಎಂದು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಬರೆಯಲಿ. ಕೊಂಡವರು ಹಳೆಯ ಡಿಸ್ಕನ್ನು ಎಸೆಯದೆ ಇಟ್ಟುಕೊಳ್ಳಲಿ.